ಹನ್ನೊಂದು ದಿನ

ಯುದ್ಧ ತೀರ್ಮಾನವಾದದ್ದು ರಾಜಧಾನಿಯಲ್ಲಿ ಅನ್ನುತ್ತವೆ ಪುಸ್ತಕಗಳು.
ಇರಬಹುದು.
ನಮ್ಮ ಕೌಂಟಿಗೆ ಅದು ಬಂದದ್ದು ಒಂದು ಅಂಕಿಯಾಗಿ:
ಮಾರ್ಚ್ ತಿಂಗಳಿಗೆ, ಏಳು.

ಅಂಚೆ ಕಚೇರಿಯ ಮಹಡಿ. ಮೂರು ಕುರ್ಚಿ, ಗೊರಗುಟ್ಟುವ ಹೀಟರು,
ಕಿಟಕಿಯಾಚೆ ಜೋಳದ ಗೋದಾಮಿನ ನೆತ್ತಿಗೆ ಅಯೋವಾದ ಹಿಮ.
ಅಧ್ಯಕ್ಷರು ಆರ್ವಿಲ್ ಟೀಸ್‌ಡೇಲ್, ಹಗಲೆಲ್ಲ ಮೊಳೆ ಮಾರುವವರು,
ಹಿಡಿಯಲ್ಲೇ ತೂಕ ಹೇಳುವರು, ತಕ್ಕಡಿ ಮುಟ್ಟದೆ.
ಬ್ರೆಕ್ಕೆಗೆ ನಲವತ್ತು ಹಸು; ಎಂಟಕ್ಕೆಲ್ಲ ಮನೆ ಸೇರಬೇಕು.
ಔಷಧಿ ಅಂಗಡಿಯ ವಿಪ್ಲ್, ಈ ಹುಡುಗರಿಗೆಲ್ಲ
ಒಂದಲ್ಲ ಒಂದು ಚಳಿಗಾಲ ಕೆಮ್ಮಿನ ಮದ್ದು ಕೊಟ್ಟವರು.
ಕೆಟ್ಟವರಲ್ಲ. ಬರೆದಿಟ್ಟುಕೊಳ್ಳಿ, ಕೆಟ್ಟವರಲ್ಲ ಅವರು.
ನಾನು ವರ್ನಾ, ಗುಮಾಸ್ತೆ. ನನಗೆ ಮತವಿಲ್ಲ.
ಫೈಲು ಜೋಡಿಸುವವಳು.

ಹಿರಿಯ ಮೊದಲು ಎಂಬುದು ನಿಯಮ.
ಹುಟ್ಟಿದ ತಾರೀಖು ನೋಡಿ ಒಂದರ ಕೆಳಗೊಂದು,
ಚರ್ಚಿನ ಊಟಕ್ಕೆ ಪಂಕ್ತಿ ಕೂರಿಸಿದ ಹಾಗೆ.
ಏಳನೆಯದು ಲೈಲ್ ಡ್ರುರಿ.
ಎಂಟನೆಯದು ಗ್ಯಾರಿ ಹೋಲ್ಟ್‌ಕ್ಯಾಂಪ್,
ಹನ್ನೊಂದು ದಿನ ಚಿಕ್ಕವನು.

ಲೈಲ್ ಆ ಚಳಿಗಾಲವೆಲ್ಲ ನನ್ನ ಮೆಟ್ಟಿಲ ಹಿಮ ಗೋರಿದ್ದ.
ನಾನು ಕೇಳಿರಲಿಲ್ಲ. ಕೊಟ್ಟ ಕಾಸು ಅವನು ಮುಟ್ಟಿರಲಿಲ್ಲ.
ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿ ಹುಡುಕಿ ಸೋತಿದ್ದೇನೆ.
ನಾಲ್ಕು ಪದ ಟೈಪ್ ಮಾಡಿದೆ:
ವೈದ್ಯರ ಪತ್ರ ಇನ್ನೂ ಬರಬೇಕು.
ಯಾವ ವೈದ್ಯನೂ ಇರಲಿಲ್ಲ, ಯಾವ ಪತ್ರವೂ.
ಫೈಲು ಏಪ್ರಿಲ್ ಡ್ರಾಯರಿಗೆ ಸರಿಯಿತು,
ಎಂಟು ಏಳಾಯಿತು.

ಟೀಸ್‌ಡೇಲ್ ಹಾಳೆ ತಿರುವಿದರು, ನಿಂತರು,
ನನ್ನ ಮುಖವನ್ನು ಒಂದು ಹಿಡಿ ಮೊಳೆಯಂತೆ ತೂಗಿದರು.
“ಏಳು ಸರಿಯಿದೆಯಾ, ವರ್ನಾ?”
“ಏಳು ಸರಿಯಿದೆ.”
ಸಹಿ ಬಿತ್ತು. ಬ್ರೆಕ್ಕೆ ಆಗಲೇ ಟೊಪ್ಪಿಗೆ ಹುಡುಕುತ್ತಿದ್ದ.
ಆ ರಾತ್ರಿ ರೇಡಿಯೋದಲ್ಲಿ ಯಾರೋ ಸೆನೆಟರು
ಹೊಣೆಗಾರಿಕೆಯ ಬಗ್ಗೆ ಬಹಳ ಹೊತ್ತು ಮಾತಾಡಿದ.
ಆರಿಸಿ ಪಾತ್ರೆ ತೊಳೆದೆ.

ಏಪ್ರಿಲಿಗೆ ಮುಂಚೆ ನಿಜವಾಗಿಯೂ ಬಂತು ವೈದ್ಯರ ಪತ್ರ:
ಲೈಲ್‌ನ ಹೆಂಡತಿ ಬಸುರಿ. ತಂದೆಯಾಗುವವನಿಗೆ ವಿನಾಯಿತಿ.
ಸುಳ್ಳಿನ ಕಾಗದದ ಮೇಲೆ ಅದನ್ನಿಟ್ಟು ಪಿನ್ ಹೊಡೆದೆ.

ಗ್ಯಾರಿಯ ತಾಯಿ ಚರ್ಚಿನಲ್ಲಿ ನನ್ನ ಹಿಂದಿನ ಬೆಂಚು.
ಎತ್ತರದ ದನಿ, ಸ್ವಲ್ಪ ಶ್ರುತಿ ತಪ್ಪುವುದು,
ನಾವು ನಗುವುದೂ ಇತ್ತು.
ನವೆಂಬರಿನಿಂದ ನನ್ನ ಬೆನ್ನ ಹಿಂದೆ
ಪುಸ್ತಕದ ಹಾಳೆ ಮಗುಚುವ ಸದ್ದು ಮಾತ್ರ.

ಕೋರ್ಟಿನ ಹುಲ್ಲುಹಾಸಿನ ಕಲ್ಲಿನಲ್ಲಿ ಜನ ಹೆಸರು ಓದುತ್ತಾರೆ.
ನಾನು ಹುಟ್ಟಿದ ತಾರೀಖು ಓದುತ್ತೇನೆ,
ಬೆರಳು ಮಡಿಸಿ ಹಿಂದಕ್ಕೆ ಎಣಿಸುತ್ತೇನೆ,
ಎರಡು ಕೈ ಮುಗಿದು ಒಂದು ಬೆರಳು ಉಳಿಯುತ್ತದೆ.

ಟೀಸ್‌ಡೇಲ್ ಹೋದರು, ಏನೂ ಕೇಳದೆ.
ಕೇಳಿದ್ದರೆ ಹೇಳುತ್ತಿದ್ದೆ ಅನಿಸುತ್ತದೆ.
ಅನಿಸುವುದಕ್ಕೇನು.

ಈಗ ಹಿಮ ಬಿದ್ದ ಬೆಳಗ್ಗೆ ಲೈಲ್‌ನ ಮಗ ಬರುತ್ತಾನೆ,
ಆ ಪತ್ರದೊಳಗಿದ್ದವನು, ಇಪ್ಪತ್ತು ತುಂಬಿದವನು,
ಸಲಿಕೆ ಕೆರೆಯುತ್ತದೆ, ಮೆಟ್ಟಿಲು ಒಂದೊಂದೇ ಬಯಲಾಗುತ್ತವೆ.
ಕಾಸು ಹಿಡಿದು ಬಾಗಿಲು ತೆರೆಯುತ್ತೇನೆ.
ಅವನೂ ಮುಟ್ಟುವುದಿಲ್ಲ.