ಹದಿಮೂರನೇ ಬೈಟು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಮಹಡಿಯ ಕೋಣೆ.
ಒಂದು ಕುರ್ಚಿ, ಕಿರುಗುಟ್ಟುವ ಫ್ಯಾನು, ಮತ್ತು
ಹನ್ನೊಂದು ವರ್ಷದ ತೂಕ ನುಂಗಿ ಕೂತ ಒಂದು ಕಡತ.
ತಕ್ಕಡಿ ಮಾಡಿದ ಕಂಪನಿ ಬಾಗಿಲು ಹಾಕಿದೆ.
ತೆರೆದರೆ ಪರದೆ ತುಂಬ ಚೌಕ, ಪ್ರಶ್ನಾರ್ಥಕ, ಅರೆಬೆಂದ ಅಕ್ಷರ.

ಅದನ್ನೋದಲು ಲೈಬ್ರರಿ ಬರೀತಿದೀನಿ ಅಂದೆ.
"ಎಷ್ಟು ಬುಕ್ಕೈತಮ್ಮ ಅದ್ರಾಗೆ?" ಪಿಳ್ಳಾಂಜಿನಪ್ಪ ಕೇಳಿದ.
ಎರಡೇ. ಓದು. ಬರೆ.

ಮೊದಲ ದಿನ ಎರಡೆರಡು ಬೈಟು ಕಿತ್ತು ನೋಡಿದರೆ
ಒಂದೇ ಲಾಟು ಹತ್ತು ಸಾವಿರದ ಇನ್ನೂರ ನಲವತ್ತು ಕಿಲೋ!
ತಾಲ್ಲೂಕಿನ ಹುಳುವೆಲ್ಲ ಹಗಲೂ ರಾತ್ರಿ ಸುತ್ತಿದರೂ ಆಗದ ಗೂಡು.
ಮಧ್ಯಾಹ್ನ ನೂಲು ಬಿಚ್ಚುವ ಸಾಬಿರಾಬಿ ಬಂದು
ಹಳೇ ಲೆಕ್ಕದ ವಹಿ ಮುಂದೆ ಹರಡಿದರು.
ಉರ್ದು ಬಲದಿಂದ ಎಡಕ್ಕೆ ಹರಿದು
ಅಂಕಿ ಬಂದಲ್ಲಿ ತಟಕ್ಕನೆ ಹೊರಳಿ ಬಲಕ್ಕೆ ನಡೆದು
ಮತ್ತೆ ಎಡಕ್ಕೆ.
ನೋಡುತ್ತಲೇ ನನ್ನ ಬೆರಳು ಎರಡು ಬೈಟು ಅದಲುಬದಲು ಮಾಡಿತು.
ನಲವತ್ತು.
ಬರೀ ನಲವತ್ತು ಕಿಲೋ.
ಮದುವೆ ಫೋಟೋದಲ್ಲಿ ಮಕ್ಕಳನ್ನು ಕೂರಿಸಿದ ಹಾಗೆ
ತಕ್ಕಡಿ ಚಿಕ್ಕದನ್ನು ಮುಂದಿಟ್ಟು ದೊಡ್ಡದನ್ನು ಹಿಂದೆ ನಿಲ್ಲಿಸಿತ್ತು.

"ತುದಿ ಸಿಗದೆ ಎಳೀಬೇಡ ಬೇಟಾ, ಗೂಡು ಹರಿಯುತ್ತೆ.
ಸಿಕ್ಕಿತೋ, ಸಾವಿರ ಮೀಟರು ಒಂದೇ ಎಳೆ" ಅಂದರು,
ಬಿಸಿನೀರಿಗೆ ಬೆಂದು ಬೆಳ್ಳಗಾದ ಬೆರಳು ತೋರಿಸಿ.

ಸಿಕ್ಕಿತು ತುದಿ. ಒಂದು ತೂಕಕ್ಕೆ ಹದಿನಾರು ಬೈಟು:
ನಾಲ್ಕರಲ್ಲಿ ದಿನ ಮತ್ತು ಹೊತ್ತು, ಎರಡರಲ್ಲಿ ತೂಕ,
ಎರಡರಲ್ಲಿ ಬುಟ್ಟಿ, ನಾಲ್ಕರಲ್ಲಿ ಲಾಟಿನ ನಂಬರು.
ಬುಟ್ಟಿ ಎತ್ತಿದಾಗ ಮುಳ್ಳು ಸೊನ್ನೆಯ ಕೆಳಗೆ ಒಂದು ಇಳಿದದ್ದನ್ನು
ಅರವತ್ತೈದು ಸಾವಿರದ ಐನೂರ ಮೂವತ್ತೈದು ಎಂದೋದಿ
ಸಾಲವನ್ನೇ ಸಂಪತ್ತೆಂದು ಬೀಗಿದ್ದೆ, ತಿದ್ದಿದೆ.
ಕೊನೆಯ ಮೂರು ಸೊನ್ನೆ ಬಸ್ಸಿನ ಸೀಟಿಗೆ ಹಾಕಿದ ಟವಲು:
ಯಾರೂ ಬರಲಿಲ್ಲ, ಜಾಗ ಮಾತ್ರ ಹಿಡಿದಿದೆ.

ಉಳಿದದ್ದು ಹದಿಮೂರನೆಯದು.
ಸಾವಿರಾರು ಕಡೆ ಸೊನ್ನೆ. ಅಲ್ಲೊಂದು ಇಲ್ಲೊಂದು ಏಳು.
ಮಳೆಗೆ ಹೊಂದಿಸಿದೆ, ಧಾರಣೆಗೆ, ಅಮಾವಾಸ್ಯೆಗೆ, ರಂಜಾನಿಗೆ.
ಯಾವುದಕ್ಕೂ ಕೂಡಲಿಲ್ಲ.
"ತೂಕದ ನಲ್ಲಪ್ಪ ಒತ್ತೋನು, ಅದೇ ಗುಂಡಿ.
ಯಾಕಂತ ನಾವು ಕೇಳಲಿಲ್ಲ. ಕೇಳೋಣಾಂದ್ರೆ ಈಗ ಅವ್ನಿಲ್ಲ."

ಸಾಹೇಬರು ಅಂದರು: ಉಪಯೋಗವಿಲ್ಲದ್ದು, ಸೊನ್ನೆ ಮಾಡಿಬಿಡಿ.
ನಾನು ಅದಕ್ಕೆ 'ಗೊತ್ತಿಲ್ಲ' ಅಂತಲೇ ಹೆಸರಿಟ್ಟೆ.
ಓದುವಾಗ ಹೇಗಿತ್ತೋ ಬರೆಯುವಾಗಲೂ ಹಾಗೇ ಇರಲಿ,
ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸುವಂತೆ.

ಇವತ್ತು ಸಂಜೆ ಇಡೀ ಕಡತ ಓದಿ, ಮರಳಿ ಬರೆದು,
ಎರಡನ್ನೂ ಬೈಟಿಗೆ ಬೈಟು ತಾಳೆ ನೋಡಿದೆ.
ವ್ಯತ್ಯಾಸ: ಇಲ್ಲ.
ಕೆಳಗೆ ಜಾಲರಿ ಗುಡಿಸುವ ಸದ್ದು, ಸತ್ತ ಹುಳುವಿನ ವಾಸನೆ.
ಹೊಸ ತಕ್ಕಡಿಯ ಗಾಜು ಒರೆಸುತ್ತ ಪಿಳ್ಳಾಂಜಿನಪ್ಪ
ತಲೆಯೆತ್ತದೆ ಕೇಳಿದ:
"ಏಳೂ ಹಂಗೇ ಐತಾ?"
ಹಂಗೇ ಐತೆ.