ಕುರಿ ಮೇದ ಲೆಕ್ಕ

ತಿಂಗಳಿಗೊಮ್ಮೆ ಪುಟ್ಟ ವಿಮಾನದಲ್ಲಿ ಬಂದಿಳಿಯುವ
ಹೃದಯದ ಡಾಕ್ಟರು ನಾನು. ಮಂಜು ಕವಿದರೆ ಅದೂ ಇಲ್ಲ.
ಶೆಟ್ಲೆಂಡಿನ ಗಾಳಿಗೆ ನನ್ನ ಪದವಿಗಳ ಪರಿಚಯವಿಲ್ಲ,
ಟೊಪ್ಪಿ ಹಾರಿಸಿ, ಕೋಟು ಜಗ್ಗಿ, ಬಾಗಿಲಿಗೆ ತಳ್ಳುತ್ತದೆ.

ನನ್ನ ಕೋಣೆಗೆ ಸಮುದ್ರ ಕಾಣುವ ಕಿಟಕಿ.
ಆಸ್ಲಾ ಇಸ್‌ಬಿಸ್ಟರಳ ಕೋಣೆಗೆ ಕಿಟಕಿಯೇ ಇಲ್ಲ,
ಹಿಂದೆ ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರು.
ಒಂದು ಮೇಜು, ಎರಡು ಕುರ್ಚಿ, ಬೆರಳು ಚುಚ್ಚುವ ಯಂತ್ರ,
ಚಹಾ ಕಲೆಯ ಕ್ಯಾಲೆಂಡರು.
ಬಾಗಿಲ ಮೇಲೆ: ಫಾರ್ಮಸಿಸ್ಟ್.
ಮಾತ್ರೆ ಎಣಿಸಿ ಕೊಡುವವಳು ಎಂದುಕೊಂಡಿದ್ದೆ, ನಾಲ್ಕು ವರ್ಷ.

ಮಂಗಳವಾರ ಲೌರಿ ಹಾಲ್‌ಕ್ರೋ ಬಂದ.
ಎಪ್ಪತ್ತೊಂದು. ಮೀನಿನ ದೋಣಿ ಬಿಟ್ಟು ಹನ್ನೊಂದು ವರ್ಷ.
ಎದೆಯೊಳಗೆ ಕೃತಕ ಕವಾಟ;
ಸುಮ್ಮನೆ ಕೂತರೆ ಟಿಕ್ ಟಿಕ್ ಕೇಳುತ್ತದೆ,
ಗಡಿಯಾರ ನುಂಗಿದವನ ಹಾಗೆ.
ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್:
ಒಂದು ಕಾಲಕ್ಕೆ ಇಲಿಗಳಿಗೆ ಇಟ್ಟ ಪಾಷಾಣ,
ಈಗ ಸಂಜೆ ಆರಕ್ಕೆ ಒಂದು ನೀಲಿ, ಒಂದು ಕಂದು.
ಎರಡೂವರೆಗೂ ಮೂರೂವರೆಗೂ ನಡುವೆ ನಿಲ್ಲಬೇಕು ಅಂಕಿ.
ಕೆಳಗಿಳಿದರೆ ಗಂಟು, ಮೇಲೇರಿದರೆ ಸೋರಿಕೆ.

ಆ ದಿನ ಐದು ಪಾಯಿಂಟ್ ಎಂಟು.

ನಾನಾಗಿದ್ದರೆ ಬರೆಯುತ್ತಿದ್ದೆ: ಡೋಸ್ ಇಳಿಸಿ. ಮುಂದಿನವರು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೈ
ನಮ್ಮಲ್ಲಿ ಬಹಳ ಚುರುಕು.

ಕಾಫಿಗೆ ಹೊರಟವನು ಅರೆತೆರೆದ ಬಾಗಿಲ ಬಳಿ ನಿಂತೆ.
ಆಸ್ಲಾ ಪೆನ್ನು ಮುಟ್ಟಿರಲಿಲ್ಲ.
ರಕ್ತ ಎಲ್ಲಾದರೂ ಕಂಡೆಯಾ? ಒಸಡಲ್ಲಿ, ಮೂತ್ರದಲ್ಲಿ? ಇಲ್ಲ.
(ಈ ದ್ವೀಪದಲ್ಲಿ ಮುದುಕರಿಗೂ ಏಕವಚನವೇ ಪ್ರೀತಿ.)
ಮಂಡಿನೋವಿಗೆ ಯಾರಾದರೂ ಕೊಟ್ಟ ಮಾತ್ರೆ? ಇಲ್ಲವೆಂದೆನಲ್ಲ.
ವಿಸ್ಕಿ? ಶನಿವಾರ, ಒಂದು ಬೆರಳು.
ಅಡ್ಡ ಬೆರಳೋ, ಉದ್ದ ಬೆರಳೋ?
ಅವನು ನಕ್ಕ. ನಗುವಾಗ ಟಿಕ್ ಟಿಕ್ ತುಸು ಓಡಿತು.
ನಿನ್ನೆ ರಾತ್ರಿ ಏನು ಉಂಡೆ? ಮೊನ್ನೆ? ಆಚೆ ಮೊನ್ನೆ?
ಆಲೂಗಡ್ಡೆ. ಉಪ್ಪುಮಾಂಸ. ಆಲೂಗಡ್ಡೆ.
ಕೇಲ್ ಸೊಪ್ಪು?

ಲೌರಿ ಮಂಡಿಯ ಮೇಲಿನ ಟೊಪ್ಪಿಯನ್ನು ಒಂದು ಸುತ್ತು ತಿರುಗಿಸಿದ.
ಗುಡ್ಡದ ಮೇಲೆ ಅವನಜ್ಜ ಕಟ್ಟಿದ ದುಂಡು ಕಲ್ಲುಗೋಡೆ,
ಗಾಳಿಯನ್ನು ಹೊರಗಿಟ್ಟು ಒಂದು ಚಾಪೆಯಗಲ ಮಣ್ಣು ಕಾಯುತ್ತದೆ.
ಅದರೊಳಗೆ ಕೇಲ್. ನಲವತ್ತು ವರ್ಷ, ದಿನಾ, ಅದರದೇ ಸಾರು.
ಹೋದ ತಿಂಗಳ ಬಿರುಗಾಳಿಗೆ ನಾಲ್ಕು ಕಲ್ಲು ಉರುಳಿದವು.
ಪಕ್ಕದವರ ಕುರಿ ನುಗ್ಗಿದವು, ಒಂದೇ ರಾತ್ರಿ,
ದಂಟೂ ಬಿಡದೆ.
ನಿನಗೆ ಯಾಕೆ ಹೇಳಲಿ? ಆಸ್ಪತ್ರೆಗೂ ಕುರಿಗೂ ಏನು ಸಂಬಂಧ?

ಆಗ ಆಸ್ಲಾ ಪೆನ್ನು ತೆಗೆದಳು.

ವಿಮಾನ ತಡ. ಸಂಜೆ ಕಡತ ತಿರುವುತ್ತ ನಾನು ಓದಿದ್ದು:
ಎರಡು ರಾತ್ರಿ ಮಾತ್ರೆ ಬೇಡ. ಆಮೇಲೆ ಹಳೆಯ ಡೋಸೇ.
ಕುರಿಗಳ ಒಡತಿ ಬಾಬಿ ಮೋವಟ್‌ಗೆ ಲೌರಿಯ ಎದುರೇ ಫೋನ್ ಮಾಡಿದೆ.
ದಂಡವಾಗಿ ಅವಳ ಹಿತ್ತಲಿಂದ ದಿನಾ ಒಂದು ಹಿಡಿ ಕೇಲ್.
ಹಿಡಿ ಎಂದರೆ ಲೌರಿಯ ಹಿಡಿ, ಬಾಬಿಯದಲ್ಲ.
ಶುಕ್ರವಾರ ಮತ್ತೆ ರಕ್ತ. ಗೋಡೆ ದುರಸ್ತಿ ಅಗತ್ಯ.

ಗೋಡೆ ದುರಸ್ತಿ!
ಹದಿನೇಳು ವರ್ಷ ಹೃದಯ ಓದಿದ ನನಗೆ
ಈ ಚಿಕಿತ್ಸೆ ಯಾವ ಪುಟದಲ್ಲೂ ಎದುರಾಗಿರಲಿಲ್ಲ.
ಕುರಿ ತಿಂದದ್ದು ಸೊಪ್ಪು, ತೆಳುವಾದದ್ದು ಮುದುಕನ ರಕ್ತ.

ಏನಾದರೂ ಹೇಳೋಣವೆಂದು ಬಾಗಿಲು ತಟ್ಟಿದೆ.
ಅವಳು ಫೋನಿನಲ್ಲಿದ್ದಳು, ಯಾರನ್ನೋ ಕೇಳುತ್ತಿದ್ದಳು:
ಬೆಳಗಿನ ಮಾತ್ರೆ ಹಾಲಿನ ಜೊತೆಯೋ, ಹಾಲಿಗೆ ಮೊದಲೋ?
ಮಾತು ನಿಲ್ಲಿಸದೆ, ಗಲ್ಲದಿಂದಲೇ ಕುರ್ಚಿ ತೋರಿಸಿದಳು.
ರೋಗಿಗಳು ಕೂರುವ ಕುರ್ಚಿ. ಒಂದು ಕಾಲು ತುಸು ಗಿಡ್ಡ.
ಕೂತೆ. ಗೋಡೆಯಾಚೆ ಗಾಳಿ.
ಫೋನಿಟ್ಟು ನನ್ನತ್ತ ತಿರುಗಿ, ಕ್ಷಣ ನೋಡಿ, ಕೇಳಿದಳು:

ಡಾಕ್ಟ್ರೇ, ಮಧ್ಯಾಹ್ನ ಏನಾದರೂ ತಿಂದಿರಾ?