ಹೊಸಾದೇನೂ ತರಬ್ಯಾಡ

“ಹುಟ್ಟೂತನಕಾ ಹೊಸಾದೇನೂ ತರಬ್ಯಾಡ,”
ಅತ್ತಿ ಖಡಕ್ ಹೇಳ್ಯಾರ.
ಹಂಗಾಗಿ ಬೆಟಗೇರಿಯ ಈ ಎರಡಂಕಣದ ಮನಿಯೊಳಗ
ಒಂಬತ್ತನೇ ತಿಂಗಳು ಹಳೇದರಾಗ ನಡದೈತಿ.

ಮಾವನ ಧೋತರ ಹರಿದು ಇಪ್ಪತ್ತಾರು ಅರಿವಿ.
ಎಷ್ಟು ಕುದಿಸಿದರೂ ತಂಬಾಕದ ವಾಸನಿ.
ಮಗ್ಗಲಮನಿ ರಮಿಜಾಬಿ ಕೊಟ್ಟ ಕಬ್ಬಿಣದ ತೊಟ್ಟಿಲ,
ಓಣಿಯ ಹನ್ನೊಂದು ಕೂಸು ಮಲಗೆದ್ದದ್ದು,
ಒಂದು ಕಾಲಿಗೆ ಇಟ್ಟಂಗಿ ಚೂರು ಕೊಡಬೇಕು.
ಖಾಲಿ ತೂಗಬಾರದಂತ
ಒಳಕಲ್ಲಿನ ಗುಂಡು ಮಲಗಿಸ್ಯಾರ ಅದರಾಗ.
ಪಾಪ, ಕಲ್ಲಿಗೂ ಒಂದು ಹೊದಿಕಿ.

ಪಡಸಾಲ್ಯಾಗ ಅವರು ಮಗ್ಗ ಹೊಡದರ
ಒಳಗಿಂದ ಇದೂ ಒದೀತೈತಿ;
ಲಾಳಿ ನಿಂತ ಕೂಡಲೇ
ಕಿವಿಗೊಟ್ಟು ಕುಂತಂಗ, ಸುಮ್ಮನ.
ಬಾತ ಪಾದ ಮಣಿಮ್ಯಾಲ ಇಟಗೊಂಡು
ನಾನೂ ಸುಮ್ಮನ.

ಖರೇ ಹೇಳಲೇನು?
ಜ್ವಾಳದ ಡಬ್ಬಿ ತಳದಾಗ
ನಾನೊಂದು ಕುಂಚಿಗಿ ಬಚ್ಚಿಟ್ಟೀನಿ.
ಟಾಂಗಾಕೂಟದ ಅಂಗಡ್ಯಾಗ
ಚೌಕಾಸಿ ಮಾಡದ ತಂದದ್ದು,
ಹಳದಿ, ಅಂಚಿಗೆ ಜರಿ.

ನಿನ್ನೆ ರಾತ್ರಿ ಎಡಕ್ಕೂ ನಿದ್ದಿಲ್ಲ, ಬಲಕ್ಕೂ ಇಲ್ಲ.
ಒಮ್ಮೆ ಮುಟ್ಟಿ ಬರೂಣಂತ ಎದ್ದೆ.
ಹೊಟ್ಟಿ ಅಡ್ಡ ಬಂತು. ಬಗ್ಗಿ ಕೈ ಹಾಕಿದರ
ಮೊಳಕೈತನಕ ತಣ್ಣನ ಜ್ವಾಳ,
ಅದರ ಕೆಳಗ ಕುಂಚಿಗಿ,
ಕುಂಚಿಗಿಯೊಳಗ, ಹಾಳ್ಯಾಗ ಸುತ್ತಿದ್ದು,
ಬೆಳ್ಳಿ ಉಡದಾರ.
ಸರಾಫರ ಚೀಟಿ ಇನ್ನೂ ಹಂಗ ಇತ್ತು,
ಹೋದ ತಿಂಗಳ ತಾರೀಖು.

ಎರಡೂ ಇದ್ದಂಗ ಮುಚ್ಚಿ
ಬಂದು ಮಲಗಿದೆ.
ಕತ್ತಲಾಗ ಅತ್ತಿ ಕೆಮ್ಮಿದರು.
“ಡಬ್ಬ್ಯಾಗ ಏನ ಸಪ್ಪಳ? ಇಲಿ ಏನ?”
“ಹೂಂರಿ,” ಅಂದೆ, “ಇಲಿ.”